ಕಾಂಟ್ರಾನೋ ರೋಡ್ ಫೈಟರೋ

ಹೊಸಪೇಟೆಯ ಆಸ್ಪತ್ರೆಯೊಂದರ ಐಸಿಯು ಎದುರಿನ ಬೆಂಚಿನ ಮೇಲೆ ಬಂಡ್ರಿಯ ತಾಯಕ್ಕ ತನ್ನ ಕಡೆಯ ರೋಗಿಗಾಗಿ ಕಾಯುತ್ತ ಕೂತಿದ್ದಳು. ಪಕ್ಕದಲ್ಲಿ ತಲೆ ನರೆಯತೊಡಗಿದ ಇಬ್ಬರು ಗಂಡಸರು ಒಂದು ಮೊಬೈಲ್ ಹಿಡಿದುಕೊಂಡು ಜಗಳಕ್ಕೇ ಬಿದ್ದಿದ್ದರು. ಒಳಗೆ ಎಚ್ಚರವಿಲ್ಲದೆ ಮಲಗಿದ್ದ ಗೆಳೆಯ ವೆಂಕೋಬನಿಗೆ, ಅವನಿಗೆ ಇಷ್ಟವಾದ ಸದ್ದು ಏನಾದರೂ ಕೇಳಿಸಿ ನೋಡಿ ಎಂದು ಡಾಕ್ಟರು ಹೇಳಿದ್ದರಂತೆ.

“ಕಾಂಟ್ರಾ ಹಚ್ಚೋಣು, ಬಸ್ಯಾ. ಆ ಗೇಮಿನ ಕಂಪನಿ ಮಾಡಿದ್ರಾಗ ಅದಕ್ಕಿಂತ ದೊಡ್ಡ ವಿಡಿಯೋ ಗೇಮ್ ಯಾವ್ದೈತಿ?”

“ರೋಡ್ ಫೈಟರೂ ಅವರದೇ ಅಲ್ಲೇನಲೇ ಅಚ್ಯುತ? ಅದರ ಮುಂದ ಕಾಂಟ್ರಾ ಏನು, ಬರೇ ಢಂ ಢಂ.”

“ಕಾರು ಓಡ್ಸೋದೂ ಒಂದು ಗೇಮಾ? ಕಾಂಟ್ರಾ ಮ್ಯೂಸಿಕ್ ಕೇಳಿದ್ರ ಸತ್ತವ್ನೂ ಎದ್ದು…”

ಅಚ್ಯುತ ನಾಲಿಗೆ ಕಚ್ಚಿಕೊಂಡ.

“ನಿಂದು ಬಿಡು. ವೆಂಕೋಬಗ ಯಾವ್ದು ಸೇರ್ತಿತ್ತು, ಅದನ್ನ ಹೇಳು.”

“ಕಾಂಟ್ರಾ ಅಂದ್ರ… ಸಣ್ಣಾವ್ರಿದ್ದಾಗ ನಾನೂ ನೀನೂ ಆಡ್ತಿದ್ವಿ.”

“ರೋಡ್ ಫೈಟರ್ ನಾ ಆಡ್ತಿದ್ದೆ. ಅವ?”

“ಅಡಾಪ್ಟರ್ ಪಿನ್ ಲೂಸ್ ಇತ್ತಲ್ಲೋ. ಕೈ ಬಿಟ್ರ ಗೇಮ್ ಬಂದ್ ಆಗ್ತಿತ್ತು. ಅವ ವೈರ್ ಒತ್ತಿ ಹಿಡ್ಕೊಂಡು ಕುಂದ್ರತಿದ್ದ.”

“ಗೇಮ್ ಅವಂದೇ ಇತ್ತು, ಅಚ್ಯುತ. ಡ್ಯಾಂ ಕ್ವಾರ್ಟರ್ಸಿನಾಗ ಅವ್ರ ಮನಿ, ಅವ್ರ ಟಿವಿ.”

“ಒಮ್ಮೆನೂ ಆಡಾಕ ಕೊಡ್ಲಿಲ್ಲೇನು ನಾವು?”

ಬಸವರಾಜ್ ಮೊಬೈಲನ್ನು ಅಚ್ಯುತನ ಕೈಗಿಟ್ಟ. ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು.

“ವೆಂಕೋಬ ಅವ್ರ ಕಡೆಯವ್ರು ಜಲ್ದಿ ಬರ್ರಿ. ಒಬ್ರೇ.”

“ಏನ್ ಹಚ್ಲಿ, ಹೇಳಲೇ.”

“ಏನೂ ಹಚ್ಚಬ್ಯಾಡ. ಯಾವ್ದು ಬೇಕು ಅಂತ ಅವನ್ನೇ ಕೇಳು.”

ಅಚ್ಯುತ ಚಪ್ಪಲಿ ಬಿಟ್ಟು ಒಳಗೆ ಹೋದ. ಬಸವರಾಜ್ ಬಾಗಿಲವರೆಗೂ ಅವನ ಹಿಂದೆಯೇ ನಡೆದ.