ಮಾಲವ್ವನ ಹೆಪ್ಪು

ದಾಂಡೇಲಿ ಬಸ್ ನಿಲ್ದಾಣ ಊಟ ಮುಗಿಸಿ ತೂಕಡಿಸುತ್ತಿತ್ತು. ಪಕ್ಕದ ಬೆಂಚಿನಲ್ಲಿ ಒಬ್ಬರು ಮುದುಕರು ಸ್ಟೀಲಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಜೊತೆಗೆ ಮಗಳು. ನಾನು ಪೇಪರು ಓದುತ್ತಿರುವವನಂತೆ ಕೇಳಿಸಿಕೊಳ್ಳುತ್ತಿದ್ದೆ.

“ಅಪ್ಪಾ, ಅದನ್ನ ಚೀಲದಾಗರ ಇಡು. ಮೊಸರ ಐತಿ, ಕೂಸಲ್ಲ.”

“ನಿಮ್ಮವ್ವ ಕೂಸಿನಂಗನ ನೋಡ್ತಿದ್ಲು. ಥಂಡ್ಯಾಗ ಮೊಸರಿನ ಗಡಗಿಗೆ ನನ್ನ ಸ್ವೆಟರ್ ಸುತ್ತತಿದ್ಲು.”

“ನೀ ಥಂಡ್ಯಾಗ ನಡಗಕೋತ ಮಿಲ್ಲಿಗೆ ಹೋಗಾಂವ.”

“ಹೂಂ. ಆದ್ರ ಮೊಸರ ಗಟ್ಟಿ ಆಗ್ತಿತ್ತು.”

ಮುದುಕರು ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಒತ್ತಿ ನೋಡಿದರು.

“ಅಕಿ ಹೋದಮ್ಯಾಲ ಮನ್ಯಾಗ ಒಲಿ ಹಚ್ಚಲಿಲ್ಲ, ಹೆಪ್ಪ ಹಾಳಾತು. ಅಕಿ ಕೈಯಿಂದು ಅಂತ ಉಳದದ್ದು ಅದೊಂದ ಇತ್ತು.”

“ಬಾಜೂಮನಿ ಸಕೀನಾ ಮೌಶಿ ಕೊಟ್ಟಾಳಲ್ಲ.”

“ಇದು ನಿಮ್ಮವ್ವ ಮಾಲವ್ವಂದ ಅಂತ ಹೆಂಗ ನಂಬೂದು?”

“ಮೌಶಿ ಮದಿವ್ಯಾಗಿ ಅಂಬೇವಾಡಿಗೆ ಬಂದಾಗ ನಮ್ಮವ್ವನ ಕೊಟ್ಟಿದ್ದ ಹೆಪ್ಪಂತ. ಅವತ್ತಿಂದ ಅದರಾಗಿಂದನ ಹಾಕ್ಕೋತ ಬಂದಾಳ.”

ಮುದುಕರು ಮುಚ್ಚಳ ತೆಗೆದು ಮೂಸಿದರು. ಬಹಳ ಹೊತ್ತು ಮುಚ್ಚಲಿಲ್ಲ.

“ಏನಪಾ?”

“ಹೌದು.”

ಮಗಳು ಸೆರಗಿನಿಂದ ಮುಖ ಒರೆಸಿಕೊಂಡಳು. ಸೆಕೆ ಏನೂ ಇರಲಿಲ್ಲ.

“ಇವತ್ತ ನಿಮ್ಮ ಸನವಳ್ಳಿ ಮನ್ಯಾಗ ಹಾಲಿಗೆ ನಾನ ಹೆಪ್ಪ ಹಾಕ್ತೇನಿ.”

“ನಿನಗ ಬರ್ತೈತೇನು?”

“ಅಕಿ ಹಾಕೂದನ್ನ ದಿನಾ ನೋಡೇನಿ. ಬೈಕೋತ ಹಾಕ್ತಿದ್ಲು.”

“ಯಾರನ್ನ?”

“ನನ್ನ.”

“ಹಂಗಾರ ನಾ ಬೈತೇನಿ, ನೀ ಹಾಕು.”

ಮುಂಡಗೋಡದ ಬಸ್ಸು ಬಂತು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರಿಂದ, ಮೆಟ್ಟಿಲು ಹತ್ತುವಾಗ ಅವರನ್ನು ಮಗಳೇ ಹಿಡಿದುಕೊಂಡಳು. ಬೈಗುಳ ಆಗಲೇ ಶುರುವಾಗಿತ್ತು.