ಮುಂಬೈಗೆ ಒಂದು ಚಿಠ್ಠಿ

...ಹೋತ್ರಿ, ಡಾಕ್ಟರ್ ಸಾಹೇಬ್ರ. ಇವತ್ತ ಮುಂಜಾನೆ ಒಂಬತ್ತೂವರಿಗೆ, ಗಡಹಿಂಗ್ಲಜ ಎಸ್‌ಟಿ ಸ್ಟ್ಯಾಂಡಿನ್ಯಾಗ, ಮಂದಿ ಎದುರಿಗೆ. ಭಾಳ ತ್ರಾಸ ಆಗಲಿಲ್ಲ. ಒಮ್ಮೆ 'ಟಪ್' ಅಂತು, ಅಷ್ಟ. ಅಂಗಿಯ ಗುಂಡಿ. ಮ್ಯಾಲಿಂದ ಮೂರನೇದು... ಯಾಕ ನಗತೀರಿ? ನಗೂ ಮಾತಲ್ರಿ ಇದು. ಇಚಲಕರಂಜಿಗೆ ಮಗಳ ಮನಿಗೆ ಹೊಂಟಿದ್ದೆ. ಎಸ್‌ಟಿ ಬಸ್ಸಿನ ಬಾಗಲದಾಗ ಸಿಕ್ಕೊಂಡೆ. 'ಕಾಕಾ, ಆತ ಯಾ, ನಾಹೀತರ ಖಾಲೀ ಉತರಾ' ಅಂದ ಕಂಡಕ್ಟರ್. ಒಳಗ ಬಾ, ಇಲ್ಲಾಂದ್ರ ಇಳಿ. ಖರೆ ಐತ್ರಿ ಅವನ ಮಾತು. ಎರಡೂ ಆಗಲಿಲ್ಲ. ಹಿಂದಿನವರು ಜಗ್ಗಿ ಇಳಿಸಿದ್ರು.

ಸೀದಾ ನಿಮ್ಮ ದವಾಖಾನಿಗೆ ಬಂದೇನಿ. ಮುಂಬೈ ಸರ್ಜನ್ನರಿಗೆ ಒಂದು ಚಿಠ್ಠಿ ಬರದು ಕೊಡ್ರಿ. ಎಂಬತ್ತೆರಡನೇ ಇಸವ್ಯಾಗ ನನ್ನ ಹೊಟ್ಟಿ ಕೊಯ್ದು, ಜಠರಾ ಚಾದ ಕಪ್ಪಿನಷ್ಟ ಉಳಿಸಿ, ಕರುಳಿಗೆ ಜೋಡಿಸಿದ್ರಲ್ಲ, ಅವರಿಗೆ. ನೂರಾ ನಲವತ್ತು ಕಿಲೊ ಇದ್ದಾಂವ ಎಂಬತ್ತೆಂಟಕ್ಕ ಇಳಿದಿದ್ದೆ. ನಾಕ ವರ್ಷ ಆತು. ಈಗ ನಿಮ್ಮ ಕಾಟಾ ಎಷ್ಟ ಅಂತು? ನೂರಾ ಹದಿನೆಂಟು... ಚಪ್ಪಲಿ ಹಾಕ್ಕೊಂಡಿದ್ದೆ ನಾ. ಅದನ್ನ ಕಳೀರಿ.

ಎರಡನೇ ಆಪರೇಶನ್ ಜೀವಕ್ಕ ಧೋಕಾ ಅಂತ ನನಗೂ ಗೊತ್ತೈತಿ. ಹಳೇ ಹೊಲಿಗಿ ಒಳಗೊಳಗ ಅಂಟಿರತೈತಂತ. 'ಪೇಶಂಟ್ ಪಥ್ಯ ಬರೋಬರ್ ಮಾಡ್ಯಾನ, ಆದ್ರೂ ತೂಕ ಏರೈತಿ' ಅಂತ ಊರ ಡಾಕ್ಟರ್ ಬರದು ಕೊಟ್ರ ಮಾತ್ರ ಕೈ ಹಾಕ್ತೇನಿ ಅಂದಾರ ಅವರು. ನಮ್ಮನಿಯಾಕಿ ಹಾಲವ್ವ ಬ್ಯಾಡ ಅಂತಾಳ. ಮೊದಲನೇ ಸಲ ಆರು ತಾಸು ಹೊರಗ ಕುಂತಾಕಿ ಆಕಿ. ಖರೆ, ಮಾಡಿಸ್ಕೊಂಡ್ರ ಟೇಬಲ್ ಮ್ಯಾಲ ಹೋಗತೇನಿ. ಬಿಟ್ರ? ಮಲಗಿದ್ರ ಉಸರು ಕಟ್ಟತೈತ್ರಿ. ಎರಡು ತಿಂಗಳಾತು, ಗ್ವಾಡಿಗಿ ಆನಿಕೊಂಡು ಕುಂತ ನಿದ್ದಿ ಮಾಡತೇನಿ.

ಏನ್ ತಿಂತೀರಿ ಅಂತ ಕೇಳ್ರಿ ಬೇಕಾದ್ರ. ಅರ್ಧ ಭಾಕ್ರಿ. ಎರಡ ಚಮಚಾ ಬ್ಯಾಳಿ. ಒಂದು ವಾಟಿ ಮಜ್ಜಿಗಿ. ಫಕ್ತ ಅಷ್ಟ! ಹಾಲವ್ವನ್ನ ಕೇಳ್ರಿ, ಆಕಿನ ಬಡಸಾಕಿ... ಏನ್ರಿ, ಬರೀವಲ್ರಿ?

ಬೆಲ್ಲ? ಹಾಂ... ಬೆಲ್ಲದ ಅಡತಿ ಅಂಗಡಿ ಇಟ್ಟಾಂವ, ರೈತರ ಮಾಲು ದಲಾಲಿ ಮ್ಯಾಲ ಮಾರಿ ಕೊಡಾಂವ, ಬೆಲ್ಲ ಬಾಯಾಗ ಹಾಕಲಾರದ ಹೆಂಗ ಇರತಾನ್ರಿ? ಸೌದಾ ಶುರು ಆಗೂ ಮೊದಲ ಪ್ರತಿಯೊಂದು ರೈತನ ಪೆಂಟಿಯೊಳಗಿಂದ ಒಂದು ಚೂರು ಮುರದು ನಾಲಿಗಿ ಮ್ಯಾಲ ಇಡಬೇಕು. ನಮ್ಮ ಅಜ್ಜನ ಕಾಲದ ಪದ್ಧತಿ. ಇಟ್ಟು ಉಗುಳತೇನ್ರಿ! ಮೂಲ್ಯಾಗ ಬೂದಿ ತುಂಬಿದ ಡಬ್ಬಿ ಐತಿ, ಅದರಾಗ...

ಯಾಕ ಹಂಗ ನೋಡತೀರಿ?

ಓ. ಹೋದ ಗುರುವಾರ ನಿಮ್ಮ ಅಣ್ಣ ಗಣಪತರ ಬೆಲ್ಲದ ಗಾಡಿ ಬಂದಿತ್ತಲ್ಲ. ಅವರ ಜೋಡಿ ನೀವೂ ಬಂದಿದ್ರೇನು? ನಾ ನೋಡಲಿಲ್ಲ.

ಆತು. ನುಂಗತೇನಿ. ಈಗ ಕೇಳ್ರಿ ಯಾಕ ಅಂತ! ರೈತ ಎದುರಿಗೆ ಕೈ ಕಟ್ಟಿ ನಿಂತಿರತಾನ. ಖರೀದಿದಾರರು ನನ್ನ ಬಾಯಿ ನೋಡತಿರತಾರ. ಅಡತ್ಯಾನ ಉಗುಳಿದ ಬೆಲ್ಲಕ್ಕ ಯಾರು ದರಾ ಹಚ್ಚತಾರ್ರಿ? ಒಮ್ಮೆ ಆಜರಾ ಕಡೆಯ ಭೀಮಗೊಂಡನ ಬೆಲ್ಲ ಉಗುಳಿದೆ, ಡಾಕ್ಟರ್ ಹೇಳ್ಯಾರ ಅಂತ. ಒಬ್ಬನೂ ಮುಂದ ಬರಲಿಲ್ಲ. ಅಂವಾ ಗಾಡಿ ಹೊಡಕೊಂಡು ಹಂಗ ವಾಪಸ್ ಹೋದ. ಅವತ್ತಿಂದ ನುಂಗಾಕತ್ತೇನಿ. ದಿನಾ ನಲವತ್ತು ಚೂರು. ಭಾಕ್ರಿ ಗಂಟಲದಾಗ ಅಡ್ಡ ನಿಲ್ಲತೈತಿ, ಬೆಲ್ಲಕ್ಕ ಯಾರ ಅಡ್ಡಿ? ಕರಗಿ ಇಳದು ಬಿಡತೈತಿ. ಮೊದಮೊದಲ ಬೆವರು ಸುರೀತಿತ್ತು, ಎದಿ ಡಬಡಬ ಅಂತಿತ್ತು. ಈಗ ಅದೂ ಇಲ್ಲ.

ಇನ್ನೊಂದು ಹೇಳಲೇನು? ನಿಮ್ಮ ಅಣ್ಣನ ಬೆಲ್ಲ ಉಪ್ಪುಪ್ಪು ಇತ್ತು. ಅದನ್ನೂ ನುಂಗೇನಿ, ಮಾರಿ ಮ್ಯಾಲ ನಗಿ ಇಟಗೊಂಡು! ಅವತ್ತ ಎಲ್ಲಾರಕಿಂತ ಹೆಚ್ಚ ದರಾ ಯಾರಿಗಿ ಸಿಕ್ತು, ಮನ್ಯಾಗ ಕೇಳ್ರಿ. ಇದಕ್ಕ ಪಥ್ಯ ಮುರಿಯೂದು ಅಂತಾರೇನು? ಧಂದೆ ಅಂತಾರ್ರಿ. ಬರೀರಿ, 'ಧಂದೆದ ಸಲುವಾಗಿ' ಅಂತ ಬರೀರಿ...

ಪೆನ್ ಯಾಕ ಕೆಳಗಿಟ್ರಿ?

ಎಷ್ಟೊತ್ತಿಗೆ ಬಂದಿದ್ರಿ ನೀವು ಗುರುವಾರ? ಅಣ್ಣನ ಜೋಡಿ ಅಲ್ಲಾ? ಆಮ್ಯಾಲ, ಖಾಲಿ ಚೀಲಾ ಒಯ್ಯಾಕ? ಏನದು, ನಾಕ ಬೆರಳು... ನಾಕಕ್ಕ?

ನಾಕಕ್ಕ.

ಹಿಂದಿನ ಖೋಲಿ ಬಾಗಲಾ ಮುಂದ ಮಾಡಿದ್ದೆನಲ್ಲ... ಸಂದ್ಯಾಗಿಂದ ಕಾಣತೈತೇನು?

ಎಷ್ಟೊತ್ತು ನಿಂತಿದ್ರಿ?

ಬೈರಿ ಬೇಕಾದ್ರ.

ಆತು ಬಿಡ್ರಿ. ಚಿಠ್ಠಿ ಬ್ಯಾಡ. ಏಳಾಕ ಸ್ವಲ್ಪ ಕೈ ಕೊಡ್ರಿ, ಈ ಕುರ್ಚಿ ಹಿಡಕೊಂಡೈತಿ ನನ್ನ.

ಸೌದಾ ಒಂದಕ್ಕ ಮುಗದಿತ್ತು. ನಾಕಕ್ಕ ಅಂಗಡ್ಯಾಗ ರೈತರ ಯಾರೂ ಇರಲಿಲ್ಲ. ನಾ ಒಬ್ಬನ, ಬೆಲ್ಲದ ಪೆಂಟಿ ಮುಂದ.

ತೂಕಾ ನೂರಾ ಹದಿನೆಂಟ ಇರಲಿ. ಚಪ್ಪಲಿ ಹೊರಗ ಬಿಟ್ಟಿದ್ದೆ.