ಘಾರಿ ಡಬ್ಬಿಯ ದಾರ

...ನಗಿ ಭಾವ, ನಗಿ! ಎಂಎಸ್ಸಿ ಬಯೋಕೆಮಿಸ್ಟ್ರಿ ಓದಿದ ಪಟ್ಟಾಭಿ ಕೊನೆಗೆ ಕಂಡವರ ಉಚ್ಚೆ ಕಾಯಿಸ್ತಾ ಕೂತಿದಾನೆ ಅಂತ ತಾನೇ? ಗುಜರಾತ್ ಬೇರೆ ರಾಜ್ಯ ಆದ ವರ್ಷ ಬರೋಡಾಕ್ಕೆ ಓದೋಕೆ ಸೇರಿದ್ದು. ಮುಂದಿನ ಕಾಲವೆಲ್ಲ ನಿಮ್ಮದೇ ಅಂದ್ರು ಪ್ರೊಫೆಸರ್ರು. ನಾನೂ ನಂಬಿದೆ! ಔಷಧಿ ಕಂಪನಿಗೆ ಹೋದ್ರೆ, ಮಾತ್ರೆ ಚೀಲ ಹೊತ್ಕೊಂಡು ಡಾಕ್ಟರ ಬಾಗಿಲು ಕಾಯ್ತೀಯಾ ಅಂದ್ರು. ಡೈರಿಗೆ ಹೋದ್ರೆ, ಹಾಲಿಗೆ ನೀರು ಬೆರೆಸಿದಾರಾ ನೋಡು ಅಂದ್ರು. ಅದಕ್ಕಿಂತ ಅಹಮದಾಬಾದಿನ ಈ ಆಸ್ಪತ್ರೇನೇ ವಾಸಿ ಅನ್ನಿಸ್ತು. ಊರಲ್ಲಿ ಅಪ್ಪ ಮಾತ್ರ 'ಮಗ ಡಾಕ್ಟ್ರು' ಅಂತ ಸಾರ್ಕೊಂಡು ಬಂದಿದಾರೆ. ಹೋದ ಸಲ ಹೋದಾಗ ಎದುರು ಮನೆಯವರು ಎಮ್ಮೆ ತಂದು ತೋರಿಸಿದ್ರು!

ಅಯ್ಯೋ, ಆ ಘಾರಿ ಮುಟ್ಬೇಡಿ! ಸೂರತ್ತಿಂದ ನಂಗೇಂತ ತಂದ ಸಿಹಿ, ಅರ್ಧ ನೀವೇ ಮುಗಿಸಿದ್ರೆ ಹೇಗೆ? ...ಒಂದೇ ಒಂದಾ? ಬೇಡ ಅಂದ್ನಲ್ಲ ಭಾವ!

ನಾನೇನು ನಿಮ್ಮನ್ನ ಕರೆದಿದ್ನಾ? ನಳಿನಕ್ಕ ಓಡಿಸಿದ್ದು. ಬಿಂದಿಗೆಗಟ್ಟಲೆ ನೀರು ಕುಡೀತೀರಿ, ನಿಮ್ಮಪ್ಪನಿಗೂ ಹೀಗೇ ಶುರುವಾಗಿ ಸಕ್ಕರೆ ಕಾಯಿಲೆಗೆ ಕಾಲು ತೆಗೆದ್ರು, ಹೋಗಿ ತಮ್ಮನ ಹತ್ರ ನೋಡಿಸ್ಕೊಳ್ಳಿ ಅಂತ. ನೀವೋ, ವಿಮಾ ಆಫೀಸಿನ ಬುದ್ಧಿ! ಎಲ್ಲಿ ಅದಲು ಬದಲು ಮಾಡ್ತಾನೋ ಅಂತ ಡಬ್ಬಿಯ ದಾರ ಬಿಚ್ಚಿ, ಮೂರು ಸುತ್ತು ಸುತ್ತಿ, ಪಾರ್ಸೆಲ್ಲಿಗೆ ಹಾಕೋ ಗಂಟು ಹಾಕಿದ್ರಿ ನಿಮ್ಮ ಉಚ್ಚೆ ಟ್ಯೂಬಿಗೆ. ಇಡೀ ಲ್ಯಾಬು ನಕ್ಕಿದೆ ಇವತ್ತು!

ತಗೊಳ್ಳಿ, ನೀವು ಚಾ ಕುಡಿದು ಬರೋದ್ರೊಳಗೆ ಕುದಿಸಿಟ್ಟೆ. ಒಂದು ನಿಮ್ಮದು, ಇನ್ನೊಂದು ನಂದು. ಹೌದ್ರೀ, ನಂದೇ! ದಿನಾ ಮೊದಲು ನಂದು ಕುದಿಸಿ, ಬೆರೆಸೋ ನೀಲಿ ದ್ರಾವಣ ಸರಿಯಾಗಿದೆಯಾ ನೋಡೋದು. ಸಕ್ಕರೆ ಇಲ್ದಿದ್ರೆ ನೀಲಿಯಾಗೇ ಇರುತ್ತೆ. ಜಾಸ್ತಿ ಇದ್ರೆ ಇಟ್ಟಿಗೆ ಕೆಂಪು. ದಾರ ಇರೋದು ನಿಮ್ಮದು, ನೋಡಿ, ನೀಲಿ!

ಕೆಂಪಗಿರೋದಾ? ಅದು... ನಂದು. ನಗಿ ಭಾವ! ಬಯೋಕೆಮಿಸ್ಟಿಗೇ ಸಕ್ಕರೆ ಕಾಯಿಲೆ! ...ಏನಂದ್ರಿ? ದಿನಾ ಕುದಿಸೋನಿಗೆ ಮೊದಲೇ ಗೊತ್ತಾಗ್ಬೇಕಿತ್ತಾ? ಅದು... ಈ ವಾರ ಕುದಿಸಿರ್ಲಿಲ್ಲ. ಮೈಗಳ್ಳತನ. ನನ್ನ ಬುದ್ಧಿ ಗೊತ್ತಲ್ಲ ನಿಮಗೆ...

ಆ ಗಂಟನ್ನ ಯಾಕೆ ಹಾಗೆ ಮುಟ್ಟಿ ಮುಟ್ಟಿ ನೋಡ್ತೀರಿ? ದಾರ ತಾನೇ... ಸಡಿಲ ಆಗಿರುತ್ತೆ, ಬಿಸಿಗೆ...

ಭಾವ? ಬೈಯಿರಿ. ಉಚ್ಚೆ ಡಾಕ್ಟ್ರೇ ಅಂತ ರೇಗಿಸಿ, ಯಾವಾಗಲೂ ರೇಗಿಸ್ತೀರಲ್ಲ...

ನಿಮ್ಮ ಗಂಟು ತುಂಬಾ ಬಿಗಿ ಭಾವ. ಬೆರಳಲ್ಲಿ ಬಿಚ್ಚೋಕೇ ಬರ್ಲಿಲ್ಲ. ಕೊನೆಗೆ... ಹಲ್ಲಲ್ಲಿ ಕಚ್ಚಿ ಬಿಚ್ಚಿ, ನನ್ನ ಟ್ಯೂಬಿಗೆ ಕಟ್ಟಿದೆ.

ಆ ಡಬ್ಬಿ ಇಲ್ಲಿ ಕೊಡಿ.